ಪೆಡಲ್ ತಾನಾಗಿ ಮೇಲೆ ಬಂದದ್ದು

ನನ್ನ ಬಲಗಾಲಿನ ಚಪ್ಪಲಿಯ ಅಡಿಗೆ ಆಕ್ಸಿಲರೇಟರ್ ಪೆಡಲ್ ಮೆಲ್ಲಗೆ ಬಂದು ತಾಗಿತು. ನಾನು ಅದನ್ನು ಒತ್ತಿರಲಿಲ್ಲ, ಬಿಟ್ಟೂ ಇರಲಿಲ್ಲ.

ಗಾಡಿಗೆ ಜೀವವಿದೆ ಎನ್ನುವ ಮಾತನ್ನು ನಾನು ನಂಬಿದವಳಲ್ಲ. ಮುಂಡರಗಿಯ ನನ್ನ ಸೋದರಮಾವ ಹಳೆಯ ವಿದೇಶಿ ಕಾರೊಂದನ್ನು ಇಟ್ಟುಕೊಂಡಿದ್ದಾರೆ. ಹೊರಡುವ ಮೊದಲು ಡ್ಯಾಶ್‌ಬೋರ್ಡ್ ತಟ್ಟಿ, "ಸಾವಕಾಶ ಹೋಗೂಣು ನಮ್ಮವ್ವಾ" ಎನ್ನುತ್ತಾರೆ. ಭೌತಶಾಸ್ತ್ರ ಓದಿದ ನಾನು ಮುಖ ತಿರುಗಿಸಿ ನಗುತ್ತಿದ್ದೆ.

ಆ ಕಾರಿನಲ್ಲಿ ವೇಗವನ್ನು ತಾನೇ ಕಾಯುವ ಹಳೆಯ ಕಾಲದ ಕ್ರೂಸ್ ಕಂಟ್ರೋಲ್ ಇದೆ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತವನ್ನು ರಬ್ಬರ್ ಪೈಪೊಂದು ದುಂಡನೆಯ ಡಬ್ಬಿಗೆ ಒಯ್ಯುತ್ತದೆ. ಡಬ್ಬಿಯೊಳಗಿನ ರಬ್ಬರ್ ಪರದೆ ಆ ಸೆಳೆತಕ್ಕೆ ಹಿಂದೆ ಸರಿದು ಆಕ್ಸಿಲರೇಟರ್ ಕೇಬಲನ್ನು ಎಳೆದು ಹಿಡಿಯುತ್ತದೆ. ಬ್ರೇಕ್ ಮುಟ್ಟಿದರೆ ಕವಾಟ ತೆರೆದು ಗಾಳಿ ನುಗ್ಗುತ್ತದೆ, ಹಿಡಿತ ಬಿಡುತ್ತದೆ. ಅಷ್ಟೇ.

ಕೆಲವು ವರ್ಷಗಳ ಹಿಂದೆ, ಸುಗ್ಗಿಯ ಒಂದು ಮಧ್ಯಾಹ್ನ, ಹಿರೇವಡ್ಡಟ್ಟಿಯಿಂದ ಮುಂಡರಗಿಗೆ ಮರಳುವಾಗ ನಾನೇ ಓಡಿಸುತ್ತಿದ್ದೆ. ಕ್ರೂಸ್ ಕಂಟ್ರೋಲಿಗೆ ವೇಗ ಒಪ್ಪಿಸಿ ಕಾಲನ್ನು ಪೆಡಲಿನಿಂದ ತುಸು ಮೇಲೆ ಹಿಡಿದಿದ್ದೆ. ಸಣ್ಣ ಏರೊಂದರಲ್ಲಿ ಪೆಡಲ್ ಮೇಲೆ ಬಂತು, ಕಾರು ನಿಧಾನವಾಯಿತು.

"ಯಾಕ ಬಿಟ್ಟಿ?" ಎಂದರು ಮಾವ.

"ನಾ ಬಿಟ್ಟಿಲ್ಲ ಮಾವಾ."

ಅಷ್ಟರಲ್ಲಿ ಏರಿನ ನೆತ್ತಿ ದಾಟಿದೆವು. ಆಚೆ ರಸ್ತೆಯ ತುಂಬ ಒಣಗಿದ ಹುರಳಿ ಬಳ್ಳಿ ಹರವಿದ್ದರು. ಹೋಗಿಬರುವ ಗಾಡಿಗಳ ಗಾಲಿಯಿಂದಲೇ ಕಾಳು ಬಿಡಿಸಿಕೊಳ್ಳುವುದು ಇಲ್ಲಿಯ ರೂಢಿ. ನಟ್ಟನಡುವೆ ಮುದುಕಿಯೊಬ್ಬಳು ನಮಗೆ ಬೆನ್ನು ಮಾಡಿ ಕುಳಿತು ಬಳ್ಳಿ ತಿರುವಿ ಹಾಕುತ್ತಿದ್ದಳು. ಬ್ರೇಕ್ ಒತ್ತಿದೆ. ಗಾಲಿಗಳು ಬಳ್ಳಿಯ ಮೇಲೆ ಜಾರುತ್ತ ಹೋಗಿ, ಅವಳ ಸೆರಗಿನಿಂದ ಒಂದು ಮಾರು ಈಚೆ ನಿಂತವು. ಮೊದಲಿನ ವೇಗವಿದ್ದಿದ್ದರೆ ನಿಲ್ಲುತ್ತಿರಲಿಲ್ಲ.

ಅವಳು ತಿರುಗಿ ನೋಡಿದಳು. "ಯಾಕ ನಿಂತಿ ತಂಗಿ? ಜೋರ ಹಾಯಿಸು, ಕಾಳ ಉದುರ್ಲಿ!"

"ನಿನ್ನ ಮ್ಯಾಲ ಹಾಯಿಸ್ಬೇಕೇನ ಯವ್ವಾ? ಮೊದ್ಲ ಎದ್ದ ಆ ಕಡೆ ಕುಂಡ್ರು!" ಮಾವ ಗದರಿದರು. ನನಗೆ ನಗು ಬಂತು, ಜೊತೆಗೇ ಕಣ್ಣು ತುಂಬಿತು. ಮುದುಕಿ ಗೊಣಗುತ್ತ ಎದ್ದು ಬದಿಗೆ ಸರಿದದ್ದನ್ನು ನೋಡಿದಾಗ ಮನಸ್ಸು ಹಗುರಾದದ್ದು ಇವತ್ತಿಗೂ ನೆನಪಿದೆ.

ಏರಿನಲ್ಲಿ ಎಂಜಿನ್ ಹೆಚ್ಚು ದುಡಿಯುವಾಗ ನಿರ್ವಾತ ಕುಗ್ಗಿ ವೇಗ ತುಸು ಇಳಿಯುವುದುಂಟು. ಆದರೆ ಹಿಡಿತ ಹಾಗೆ ಪೂರ್ತಿ ಬಿಡುವುದಿಲ್ಲ. ಅದೇ ಏರನ್ನು ಅದಕ್ಕೆ ಮೊದಲೂ ಎಷ್ಟೋ ಸಲ ದಾಟಿದ್ದೆವು, ಆಮೇಲೂ ದಾಟಿದ್ದೇವೆ. ಇನ್ನೊಮ್ಮೆ ಹಾಗಾಗಿಲ್ಲ. ಯಾಕೆ ಎಂದು ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಬಾನೆಟ್ ತೆರೆದು, ಡಬ್ಬಿಗೆ ಹೋಗುವ ರಬ್ಬರ್ ಪೈಪನ್ನು ಎಂಜಿನ್ ಕಡೆಯಿಂದ ಬಿಚ್ಚಿ, ಬಾಯಿಂದ ಗಾಳಿ ಎಳೆದು, ತುದಿಯನ್ನು ನಾಲಿಗೆಯಿಂದ ಮುಚ್ಚಿ ಹಿಡಿದೆ. ಕೇಬಲ್ ಹಿಂದೆ ಸರಿದು ಅಲ್ಲಾಡದೆ ನಿಂತಿತು. ಎಲ್ಲೂ ಸೋರಿಕೆಯಿರಲಿಲ್ಲ. ಪೈಪನ್ನು ಮೊದಲಿನಂತೆ ಸಿಕ್ಕಿಸಿ ಬಾನೆಟ್ ಮುಚ್ಚಿದೆ. ಮಾವ ಇನ್ನೂ ಮನೆಯೊಳಗೇ ಇದ್ದಾರೆಂದು ಖಚಿತ ಮಾಡಿಕೊಂಡು, ಕಾರಿನೊಳಗೆ ಕೈ ಹಾಕಿ ಡ್ಯಾಶ್‌ಬೋರ್ಡನ್ನು ಒಮ್ಮೆ ತಟ್ಟಿದೆ.