ಬೀಗಿತ್ತಿಯ ಗಡಿಪಾರು

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಿಗೆ ಸ್ಕೂಲಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರೆ ಹೇಗಿರುತ್ತೆ ಹೇಳಿ! ನೆನೆಸಿಕೊಂಡರೆ ಈಗಲೂ ಕಾಲು ನೆಲದ ಮೇಲೆ ನಿಲ್ಲೋದಿಲ್ಲ. ಆದರೆ ಅದು ಶುರುವಾದದ್ದು ಹೊಟ್ಟೆಕಿಚ್ಚಿನಿಂದ.

ಕಾರು ಕಂಪನಿಗಳೆಲ್ಲ ಮುಗ್ಗರಿಸಿದ ಆ ರಿಸೆಷನ್ ಕಾಲದಲ್ಲಿ, ಅಮೆರಿಕದ ಲಿವೋನಿಯಾದಲ್ಲಿ ನನ್ನ ಅಳಿಯನ ಕೆಲಸ ಹೋಯಿತು. ಮಗಳು, ಅಳಿಯ, ಮೊಮ್ಮಗಳು, ನಾನು ಎಲ್ಲರೂ ಗಂಟುಮೂಟೆ ಕಟ್ಟಿ ಅರೋರಾದಲ್ಲಿ ಅಳಿಯನ ತಾಯಿಯ ಮನೆ ಸೇರಿದೆವು. ಅಂದರೆ ನನ್ನ ಬೀಗಿತ್ತಿಯ ಮನೆ. ದಾರಿಯಲ್ಲಿ ಟ್ರಕ್ಕು ಕುಲುಕಿ, ಮೈಸೂರಿನಿಂದ ಮಡಿಲಲ್ಲಿಟ್ಟುಕೊಂಡು ತಂದಿದ್ದ ನನ್ನ ಮೊಸರಿನ ಗಡಿಗೆ ಒಡೆಯಿತು. ಚೂರುಗಳನ್ನು ಹಳೇ ಸೀರೆಯ ತುಂಡಲ್ಲಿ ಕಟ್ಟಿಟ್ಟುಕೊಂಡೆ.

"ಒಡೆದ ಮಡಕೆ ಯಾಕೆ ಬೀಗರೇ, ಬಿಸಾಡಿ" ಅಂದರು ಬೀಗಿತ್ತಿ. ಬಿಸಾಡಲಿಲ್ಲ.

ಅವರು ಇಲ್ಲೇ ಹೈಸ್ಕೂಲ್ ಟೀಚರಾಗಿದ್ದು ರಿಟೈರಾದವರು. ಹೈವೇಲಿ ಗಂಡಸರ ಹಾಗೆ ಡ್ರೈವ್ ಮಾಡುತ್ತಾರೆ. ದೇವಸ್ಥಾನಕ್ಕೆ ಹೋದರೆ ಸಾಕು, ಎಲ್ಲರದೂ ಒಂದೇ ಮಾತು, "ಆಂಟಿ ಎಷ್ಟು ಒಳ್ಳೆಯವರು!" ನಮ್ಮನ್ನೆಲ್ಲ ಮನೆ ತುಂಬಿಸಿಕೊಂಡ ಮೇಲಂತೂ ನನ್ನ ಮಗಳ ಬಾಯಲ್ಲೂ ಅದೇ ಮಂತ್ರ. ಒಳ್ಳೆಯವರೇ. ಅದೇ ನನ್ನ ಕಷ್ಟ. ಜಗಳ ಆಡೋಣ ಅಂದರೆ ಒಂದು ಎಳೆಯೂ ಸಿಗೋದಿಲ್ಲ.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಮೊಮ್ಮಗಳು! ಸ್ಕೂಲಿಂದ ಬಂದು ನನ್ನ ಮಗ್ಗುಲಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದವಳು, ಆರನೇ ಕ್ಲಾಸಿನಲ್ಲಿ ಗ್ರೀಕರ ಪಾಠ ಶುರುವಾದದ್ದೇ ತಡ, ತಟ್ಟೆ ಎತ್ತಿಕೊಂಡು ಆ ಅಜ್ಜಿಯ ರೂಮಿಗೆ ಓಡತೊಡಗಿದಳು. ಗೋಡೆಯ ಈಚೆ ನನಗೆ ಎಲ್ಲ ಕೇಳಿಸೋದು. ಮ್ಯಾರಥಾನಿನ ಯುದ್ಧ ಗೆದ್ದ ಸುದ್ದಿ ಹೊತ್ತು ಅಥೆನ್ಸಿಗೆ ಓಡಿಬಂದು ಪ್ರಾಣ ಬಿಟ್ಟವನು. ಎಲ್ಲರನ್ನೂ ಪ್ರಶ್ನೆ ಕೇಳಿ ಕೇಳಿ ಕೊನೆಗೆ ವಿಷ ಕುಡಿಯಬೇಕಾಗಿ ಬಂದ ಮುದುಕ. ನಮ್ಮ ಸಿಂಧೂ ನದಿಯವರೆಗೂ ಕುದುರೆ ಓಡಿಸಿಕೊಂಡು ಬಂದ ಎಳೇ ರಾಜ. ಕತೆಗಳು ಚೆನ್ನಾಗಿದ್ದವು, ಹಾಳಾದ್ದು. ನಾನು ಹೇಳುತ್ತಿದ್ದ ಕತೆಯ ಗುಬ್ಬಕ್ಕನ ಹತ್ತಿರ ಕುದುರೆ ಎಲ್ಲಿತ್ತು?

ಸ್ಕೂಲಿನಲ್ಲಿ ಗ್ರೀಕ್ ಸಂಜೆ ಇಟ್ಟುಕೊಂಡರು. ಪ್ರತಿ ಮಗುವೂ ಮನೆಯ ಹಿರಿಯರೊಬ್ಬರ ಜೊತೆ ಸ್ಟೇಜ್ ಮೇಲೆ ಒಂದು ಪ್ರಸಂಗ ಆಡಿ ತೋರಿಸಬೇಕು. ಒಬ್ಬರೇ ಒಬ್ಬರು. ಯಾರು ಅಂತ ಕೇಳುವುದೇ ಬೇಡವಾಗಿತ್ತು, ಬೀಗಿತ್ತಿ ಆಗಲೇ ಗ್ರೀಕರ ಉಡುಪಿಗೆ ಬಿಳಿ ಬೆಡ್‌ಶೀಟು ಇಸ್ತ್ರಿ ಮಾಡಿಟ್ಟಿದ್ದರು.

ಒಂದು ಶನಿವಾರ ಮೊಮ್ಮಗಳು ನನ್ನ ಗಂಟು ಬಿಚ್ಚಿ ಚೂರುಗಳನ್ನು ಟೇಬಲ್ ಮೇಲೆ ಹರಡಿದಳು. ಅಥೆನ್ಸಿನಲ್ಲಿ ಊರಿಗೆ ಬೇಡವಾದವನ ಹೆಸರನ್ನು ಜನ ಮಡಕೆ ಚೂರಿನ ಮೇಲೆ ಗೀರಿ ಹಾಕುತ್ತಿದ್ದರಂತೆ. ಹೆಚ್ಚು ಚೂರು ಬಿದ್ದವನಿಗೆ ಹತ್ತು ವರ್ಷ ಗಡಿಪಾರು. ನಮ್ಮ ಆಟದಲ್ಲಿ ಗಡಿಪಾರು ಅಡುಗೆಮನೆಯಿಂದ, ಒಂದು ವಾರ.

"ಇಂಗ್ಲಿಷ್ ಓನ್ಲಿ, ಅಜ್ಜಿ. ಐ ಕಾಂಟ್ ರೀಡ್ ಕನ್ನಡ."

ನನಗೆ ಇಂಗ್ಲಿಷ್ ಅಕ್ಷರ ಬಾರದು. ಮಗಳು ಕೆಲಸಕ್ಕೆ ಹೋಗಿದ್ದಳು. ಅಳಿಯ ಬೇಸ್‌ಮೆಂಟಿನಲ್ಲಿ ಕೆಲಸಕ್ಕೆ ಅಪ್ಲೈ ಮಾಡುತ್ತಾ ಕೂತಿದ್ದ. ಬರೆದುಕೊಡುವವರು ಎದುರಿಗೆ ಕೂತಿದ್ದ ಬೀಗಿತ್ತಿ ಮಾತ್ರ. ಇಂಥ ಅವಕಾಶ ಬಿಡೋದುಂಟೇ? ಚೂರನ್ನು ಅವರ ಮುಂದೆ ಹಿಡಿದೆ.

"ನಿಮ್ಮ ಹೆಸರು ಬರ್ಕೊಡಿ ಬೀಗರೇ."

"ನನ್ನದೇ?"

"ಹೂಂ, ನಿಮ್ಮದೇ."

"ನಾನೇನು ತಪ್ಪು ಮಾಡಿದೆ?"

"ಏನೂ ಇಲ್ಲ. ಎಲ್ಲರೂ ನಿಮ್ಮನ್ನ ಒಳ್ಳೆಯವರು, ಒಳ್ಳೆಯವರು ಅನ್ನೋದು ಕೇಳಿ ಕೇಳಿ ಸಾಕಾಗಿದೆ."

ಅವರು ಚೂರಿನ ಮೇಲೆ ತಮ್ಮ ಹೆಸರು ಗೀರಿ ಕೊಟ್ಟರು. ಆಮೇಲೆ ಮೊಮ್ಮಗಳ ಮುಖ ನೋಡಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈ ಉರಿದುಹೋಯಿತು.

ವಿಷಯ ಏನಂದರೆ, ಅಥೆನ್ಸಿನಲ್ಲಿ ಊರೇ 'ನ್ಯಾಯವಂತ' ಅಂತ ಕರೆಯುವ ಒಬ್ಬ ದೊಡ್ಡ ಮನುಷ್ಯನಿದ್ದನಂತೆ. ಗಡಿಪಾರಿನ ದಿನ ಓದು ಬಾರದ ಒಬ್ಬ ಹಳ್ಳಿಯವನು ಗುರುತಿಲ್ಲದೆ ಅವನ ಹತ್ತಿರವೇ ಹೋಗಿ, ಆ ನ್ಯಾಯವಂತನ ಹೆಸರು ಬರೆದುಕೊಡು ಅಂದನಂತೆ. ಅವನೇನು ತಪ್ಪು ಮಾಡಿದ ಅಂದರೆ, ಏನೂ ಇಲ್ಲ, ಎಲ್ಲರೂ ನ್ಯಾಯವಂತ, ನ್ಯಾಯವಂತ ಅನ್ನೋದು ಕೇಳಿ ಸಾಕಾಗಿದೆ, ಅಂದನಂತೆ! ಆ ದೊಡ್ಡ ಮನುಷ್ಯ ತಾನೇ ಅವನು ಅನ್ನದೆ ತನ್ನ ಹೆಸರು ಬರೆದುಕೊಟ್ಟನಂತೆ. ಗೋಡೆಯ ಈಚೆ ನಾನು ಕೇಳಿದ ಕತೆಗಳಲ್ಲಿ ಇದೊಂದು ಇರಲಿಲ್ಲ.

"ಅಜ್ಜಿ, ಯೂ ಆರ್ ಹಿಮ್!" ಅಂತ ಮೊಮ್ಮಗಳು ನನ್ನ ಕೊರಳಿಗೆ ಜೋತುಬಿದ್ದಳು. ಆ ಹಳ್ಳಿಯವನಾಗಿ ಸ್ಟೇಜಿಗೆ ನಾನೇ ಬರಬೇಕಂತೆ, ನಾನೇ! ಬೀಗಿತ್ತಿಯ ನಗು ಇಳಿಯಿತು. ಅದು ಪೂರ್ತಿ ಇಳಿಯುವವರೆಗೂ ಕಣ್ಣು ತುಂಬಾ ನೋಡಿದೆ. ಬೆಡ್‌ಶೀಟು ತಂದು ನನ್ನ ಕೈಗಿಟ್ಟರು.

ಆ ಸಂಜೆ ಮೊಮ್ಮಗಳೇ ನ್ಯಾಯವಂತ. ನಾನು ಗಡಿಗೆ ಚೂರು ಹಿಡಿದು ಕನ್ನಡದಲ್ಲೇ ಕೇಳಿದೆ. ಅವಳು ಇಂಗ್ಲಿಷಲ್ಲಿ ಹೇಳಬೇಕಿತ್ತು. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಸ್ಪಷ್ಟವಾಗಿ, "ನಾನೇನು ತಪ್ಪು ಮಾಡಿದೆ?" ಅಂದಳು! ಅವತ್ತು ತಾವು ಕೇಳಿದ ಮಾತನ್ನೇ ಬೀಗಿತ್ತಿ ಗುಟ್ಟಾಗಿ ಹೇಳಿಕೊಟ್ಟಿದ್ದರು. ಬೀಗಿತ್ತಿ ಕೂತಿದ್ದ ಕಡೆ ನೋಡುತ್ತಲೇ ನನ್ನ ಮುಂದಿನ ಮಾತು ಹೇಳಿದೆ. ಆಮೇಲೆ ಆ ಚಪ್ಪಾಳೆ!

ಮುಂದಿನ ವಾರ ದೇವಸ್ಥಾನದಲ್ಲಿ ಎಲ್ಲರೂ ನನ್ನನ್ನೇ ಸುತ್ತುವರಿದು ಹೊಗಳಿದರು. ಮನೆಗೆ ಬಂದ ಮೇಲೆ ಬೀಗಿತ್ತಿ ಕಾರಿನ ಕೀ ಟೇಬಲ್ ಮೇಲಿಟ್ಟು, ಉಳಿದಿದ್ದ ಒಂದು ಚೂರು ನನ್ನ ಮುಂದೆ ಹಿಡಿದರು.

"ನಿಮ್ಮ ಹೆಸರು ಬರ್ಕೊಡಿ ಬೀಗರೇ. ಕೇಳಿ ಕೇಳಿ ಸಾಕಾಗಿದೆ."

ಕನ್ನಡದಲ್ಲಿ, ದುಂಡಗೆ, ನಿಧಾನವಾಗಿ ಬರೆದುಕೊಟ್ಟೆ.