ನೂರಾ ಹದಿಮೂರನೇ ಪುಟ

ಆ ದಿನಗಳಲ್ಲಿ ದಾಂಡೇಲಿಯಲ್ಲಿ ಶುಕ್ರವಾರ ಸಂಜೆ ಏಳಕ್ಕೆ ಲೈಟು ಹೋಗುತ್ತಿತ್ತು. ಸರಿಯಾಗಿ ಏಳಕ್ಕಲ್ಲ, ನೆನಪಿರುವಷ್ಟನ್ನೇ ಬರೆಯಬೇಕೆಂದು ಕುಳಿತಿದ್ದೇನೆ, ಹಾಗಾಗಿ ತಿದ್ದುತ್ತೇನೆ. ಏಳಕ್ಕೆ ಧಾರಾವಾಹಿ ಶುರುವಾಗುತ್ತಿತ್ತು. ಏಳೂ ಹತ್ತಕ್ಕೋ ಹದಿನೈದಕ್ಕೋ, ಟೀವಿಯೊಳಗಿನ ಹೆಂಗಸು ಕಂದೀಲು ಹಿಡಿದು ಹಿತ್ತಲ ಕೋಣೆಯ ಬಾಗಿಲಿಗೆ ಬರುವ ಹೊತ್ತಿಗೆ, ಹೋಗುತ್ತಿತ್ತು. ಅದು ಹಾಗೆ ಹೋದದ್ದನ್ನು ನಾನು ಕಡಿಮೆಯೆಂದರೂ ಆರು ಸಲ ಕಂಡಿದ್ದೇನೆ. ನನ್ನ ಓರಗೆಯವರಿಗೆ ಆ ಸಿಟ್ಟು ಗೊತ್ತಿರುತ್ತದೆ. ಯಾರನ್ನು ಬೈಯಬೇಕೆಂದೇ ತಿಳಿಯದ ಸಿಟ್ಟು ಅದು.

ನಾವು ಇದ್ದದ್ದು ಬಂಗೂರನಗರದಲ್ಲಿ. ಟೀವಿ ಇದ್ದದ್ದು ಪಕ್ಕದ ಪಾಟೀಲ ಕಾಕುವಿನ ಮನೆಯಲ್ಲಿ. ಅವರ ಪಡಸಾಲೆಯಲ್ಲಿ ಹದಿನೈದು ಇಪ್ಪತ್ತು ಜನ ಮೊಣಕಾಲು ಮಡಿಚಿ ಕೂರುತ್ತಿದ್ದೆವು. ಕೊಬ್ಬರಿ ಎಣ್ಣೆ, ಒಗ್ಗರಣೆಯ ಚುರುಮರಿ, ಕಿಟಕಿಯಿಂದ ಬರುವ ಕಾಗದದ ಮಿಲ್ಲಿನ ಬೆಂದ ಬಿದಿರಿನ ವಾಸನೆ, ಮೂರೂ ಸೇರಿ ನನಗೆ ಅದೇ ದೆವ್ವದ ವಾಸನೆಯಾಗಿ ಉಳಿದಿದೆ. ಧಾರಾವಾಹಿಯ ಹೆಸರು 'ಏಳು ಕಿಟಕಿಯ ಮನೆ'. ಆ ಮನೆಯಲ್ಲಿ ಇಬ್ಬರು ಹೆಂಗಸರು. ಅತ್ತೆ ರತ್ನಾಬಾಯಿ, ಅಡುಗೆಯ ಗಂಗವ್ವ. ಇಬ್ಬರಲ್ಲಿ ಒಬ್ಬಳು ಎಷ್ಟೋ ವರ್ಷದ ಹಿಂದೆಯೇ ಸತ್ತಿದ್ದಾಳೆ. ಯಾರೆಂದು ನೋಡುವವರಿಗೆ ಗೊತ್ತಿಲ್ಲ, ಸತ್ತವಳಿಗೂ ಗೊತ್ತಿಲ್ಲ. ನಮ್ಮ ಇಡೀ ಓಣಿ ಅತ್ತೆಯ ಪಕ್ಷ, ಅಡುಗೆಯವಳ ಪಕ್ಷ ಎಂದು ಎರಡಾಗಿತ್ತು.

ಅಡುಗೆಯವಳೇ ಸತ್ತವಳು ಎಂದು ಮೊದಲ ವಾರವೇ ತೀರ್ಪು ಕೊಟ್ಟವಳು ರುಜಾಯಕ್ಕ.

ರುಜಾಯಕ್ಕ ಹಳಿಯಾಳದ ಕಡೆಯ ಒಂದು ಹಳ್ಳಿಯ ಸಿದ್ದಿಯರವಳು. ನಮ್ಮ ಮನೆಯ ಹಿಂದಿನ ಸಾಲಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬಳೇ ಇದ್ದಳು. ಊರ ಹೊರಗಿನ ಒಂದು ರದ್ದಿ ಗೋದಾಮಿನಲ್ಲಿ ಕೆಲಸ. ಲಾರಿಯಲ್ಲಿ ಬಂದು ಬೀಳುವ ಹಳೆಯ ಕಾಗದವನ್ನು ಬಿಳಿಯದು, ಬಣ್ಣದ್ದು, ರಟ್ಟು ಎಂದು ಬೇರೆ ಮಾಡಿ ಪೆಂಡಿ ಕಟ್ಟುವುದು. ಸಂಜೆ ಮಜ್ಜಿಗೆಗೆಂದು ನಮ್ಮ ಮನೆಗೆ ಬಂದರೆ ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದಳು. ನನ್ನನ್ನು ಕೊಂಕಣಿಯವರ ಹಾಗೆ 'ಬಾಯ್' ಎಂದು ಕರೆಯುತ್ತಿದ್ದಳು.

"ಅಡಿಗಿಯಾಕಿನ ಸತ್ತಾಳ, ನೋಡ್ಕೋತ ಇರ್ರಿ," ಎಂದಳು ಆ ದಿನ. "ಒಂದಿನರ ಉಂಡಾಳೇನು ಆಕಿ? ಎಲ್ಲಾರಿಗೂ ನೀಡ್ತಾಳ, ತಾ ಉಣ್ಣಂಗಿಲ್ಲ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ಹಂಗಾರ ನಾನೂ ಸತ್ತಾಕೀನ ಆದ್ನಿ ಬಿಡು. ಈ ಮನ್ಯಾಗ ನಾ ಉಣ್ಣೂದ ಯಾರ ನೋಡ್ಯಾರ?"

ಗೋದಾಮಿನಲ್ಲಿ ಒಂದು ರೂಢಿಯಿತ್ತು. ಕಾಗದ ಹೊರಗೆ ಒಯ್ಯುವಂತಿಲ್ಲ. ಆದರೆ ಹೆಂಗಸರು ಮಧ್ಯಾಹ್ನ ಉಳಿದ ರೊಟ್ಟಿಯನ್ನು ಒಂದು ಹಾಳೆಯಲ್ಲಿ ಸುತ್ತಿಕೊಂಡು ಹೋದರೆ ಕೆಲಸದವರ ಮೇಲೆ ಕಣ್ಣಿಡುವ ಮುಕಾದಮ ಬೇರೆ ಕಡೆ ನೋಡುತ್ತಿದ್ದ. ದಿನಕ್ಕೆ ಒಂದು ಹಾಳೆ, ರೊಟ್ಟಿ ಸುತ್ತುವಷ್ಟು. ಹಾಗೆ ಬಂದ ಹಾಳೆಗಳಲ್ಲಿ ಒಂದೊಂದನ್ನು ರುಜಾಯಕ್ಕ ನಮಗೆ ಕೊಡುತ್ತಿದ್ದಳು. ಒಲೆ ಹಚ್ಚಲು, ಕಪಾಟಿನ ತಳಕ್ಕೆ ಹಾಸಲು, ನೋಟುಬುಕ್ಕಿಗೆ ರಟ್ಟು ಹಾಕಲು. ದಸರೆಯ ರಜೆ ಮುಗಿದು ಶಾಲೆ ತೆರೆದಾಗ ರೊಟ್ಟಿ ಸುತ್ತದ ಒಂದು ಸ್ವಚ್ಛ ಹಾಳೆಯನ್ನೇ ತಂದುಕೊಟ್ಟಿದ್ದಳು. ಅವ್ವ ಅದನ್ನು ನನ್ನ ಗಣಿತದ ನೋಟುಬುಕ್ಕಿಗೆ ಒಳಗೆ ಹಾಕಿ, ಮೇಲೆ ಖಾಕಿ ಕಾಗದ ಹೊದಿಸಿದಳು. ಖಾಕಿ ಬೇಗ ಹರಿಯಬಾರದೆಂದು ನಮ್ಮಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ರುಜಾಯಕ್ಕ ಕೊಟ್ಟ ಹಾಳೆಯನ್ನು ಅಣ್ಣ ಈರಣ್ಣ ಒಲೆಗೆ ಒಡ್ಡುವವನಿದ್ದ. ನಿಂತ. "ಶೋಭೀ, ಇಲ್ಲಿ ನೋಡ!" ಎಂದ. ಅಗಲವಾದ ಹಾಳೆ, ಒಂದು ಮಗ್ಗುಲಿಗೆ ಎಂಟು ಪುಟ, ಅದರಲ್ಲಿ ನಾಲ್ಕು ತಲೆಕೆಳಗು. ಪ್ರತಿ ಪುಟದ ನೆತ್ತಿಯ ಮೇಲೆ ಚಿಕ್ಕದೊಂದು ಕಿಟಕಿಯ ಚಿತ್ರ. ರತ್ನಾಬಾಯಿ, ಗಂಗವ್ವ, ಕಂದೀಲು, ಎಲ್ಲ ಇತ್ತು. ಧಾರಾವಾಹಿಯನ್ನು ಯಾರೋ ಕಾದಂಬರಿ ಮಾಡಿದ್ದರು. ಹುಬ್ಬಳ್ಳಿಯ ಕಡೆಯ ಯಾವುದೋ ಮುದ್ರಣಾಲಯದಲ್ಲಿ ಮಸಿ ಹೆಚ್ಚಾಗಿ ಕೆಟ್ಟ ಹಾಳೆಗಳು ಪೆಂಡಿಗಟ್ಟಲೆ ರದ್ದಿಗೆ ಬಂದಿದ್ದವು.

ಅಲ್ಲಿಂದ ಮುಂದೆ ಕಾದಂಬರಿ ನಮ್ಮ ಮನೆಗೆ ರೊಟ್ಟಿಯ ಜೊತೆ ಬರತೊಡಗಿತು. ರುಜಾಯಕ್ಕನಿಗೆ ಓದಲು ಬರುತ್ತಿರಲಿಲ್ಲ. ಕಿಟಕಿಯ ಚಿತ್ರ ನೋಡಿ ಆರಿಸುತ್ತಿದ್ದಳು. ಹಾಗಾಗಿ ಒಮ್ಮೊಮ್ಮೆ ಬಂದ ಹಾಳೆಯೇ ಮತ್ತೆ ಬರುತ್ತಿತ್ತು. ಹಾಳೆಗೆ ಬೆಳ್ಳುಳ್ಳಿ ಚಟ್ನಿಯ ಎಣ್ಣೆ ಹತ್ತಿರುತ್ತಿತ್ತು, ಕೆಲವು ದಿನ ಒಣಮೀನಿನ ವಾಸನೆ. ನಮ್ಮದು ಲಿಂಗ ಕಟ್ಟುವ ಮನೆ. ಮೀನಿನ ದಿನ ಅವ್ವ ಹಾಳೆಯನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಹೊರಗೆ ತಂತಿಯ ಮೇಲೆ ಬಟ್ಟೆಯ ಹಾಗೆ ಒಣಗಿಸಿ ಓದಬೇಕಿತ್ತು.

ಓದುವವಳು ನಾನು, ಹುಕುಮು ಮಾಡುವವನು ಅಣ್ಣ. ಅವನಿಗೂ ಓದಲು ಬರುತ್ತಿತ್ತು. ಆದರೆ ಏಳನೇ ಇಯತ್ತೆಯವನು ಕತೆ ಓದಬಾರದಂತೆ, ಕೇಳಬಹುದಂತೆ. "ಜೋರ್ ಓದು. ಬಾಯಾಗ ಏನ ಇಟ್ಕೊಂಡಿ?" ಎನ್ನುತ್ತಿದ್ದ. ಆ ಕಾದಂಬರಿಯೋ, ಈಗ ನೆನೆದರೂ ತಲೆ ಚಿಟ್ಟು ಹಿಡಿಯುತ್ತದೆ. ಒಂದು ಬಾಗಿಲು ತೆರೆಯಲು ಮೂರು ಪುಟ. ರತ್ನಾಬಾಯಿಯ ಸೀರೆಯ ಅಂಚಿಗೆ ಅರ್ಧ ಪುಟ. ನಡುನಡುವೆ 'ಇಲ್ಲಿ ಗಾಳಿಯ ಸದ್ದು' ಎಂದು ಅಚ್ಚಾಗಿರುತ್ತಿತ್ತು. ಬರೆದವರು ಧಾರಾವಾಹಿಯ ಚಿತ್ರಕತೆಯನ್ನೇ ಇಳಿಸಿಕೊಂಡಿದ್ದರು ಎಂದು ಈಗ ಹೊಳೆಯುತ್ತದೆ. ಆಗ ರುಜಾಯಕ್ಕ ಆ ಮಾತು ಬಂದಾಗಲೆಲ್ಲ ಎರಡೂ ಕೈ ಬಾಯಿಗೆ ಹಿಡಿದು ಸುಯ್ಯೆಂದು ಊದುತ್ತಿದ್ದಳು.

ಸಹಾಮಾಹಿ, ಅಂದರೆ ಅರ್ಧವರ್ಷದ ಪರೀಕ್ಷೆಯ ಗಣಿತದಲ್ಲಿ ನನಗೆ ಕಡಿಮೆ ಬಂತು. ಅಪ್ಪ ಮಿಲ್ಲಿನ ಪಾಳಿ ಮುಗಿಸಿ ಬಂದು ಹಾಳೆಗಳನ್ನು ನೋಡಿದ. "ಈ ದೆವ್ವದ ಕಾಗದ ಇನ್ನೊಮ್ಮೆ ನೀ ಬೇಡಿ ತಂದಿ ಅಂತ ಗೊತ್ತಾತಂದ್ರ ಶಾಲಿ ಬಿಡಸ್ತೀನಿ. ಅಜ್ಜನ ಊರಾಗ ಎಮ್ಮಿ ಕಾಯಿ ಹೋಗು," ಎಂದ. ಅಪ್ಪ ಆಡಿದ್ದನ್ನು ಮಾಡುವವನು. ನಾವು ಓದುವುದನ್ನು ರುಜಾಯಕ್ಕನ ಕೋಣೆಯ ಮೆಟ್ಟಿಲಿಗೆ ಸಾಗಿಸಿದೆವು. ಬಿಡಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಎರಡು ಸಂಗತಿ ನಡೆದವು. ಧಾರಾವಾಹಿ ಒಂದು ಶುಕ್ರವಾರ ಬರಲೇ ಇಲ್ಲ. ಅದರ ಜಾಗದಲ್ಲಿ ಯಾವುದೋ ಹಾಸ್ಯದ ಕಾರ್ಯಕ್ರಮ ಬಂತು, ಮುಂದಿನ ವಾರವೂ ಅದೇ. ಲೈಟು ಮಾತ್ರ ಅವತ್ತಿನಿಂದ ಹೋಗಲಿಲ್ಲ. ಇನ್ನೊಂದು, ನಮ್ಮ ಬಳಿ ಏಳು ಹಾಳೆ ಸೇರಿ ನೂರಾ ಹನ್ನೆರಡು ಪುಟ ಆಗಿತ್ತು. ಆ ಪುಟದ ಕೊನೆಯಲ್ಲಿ ಇಬ್ಬರೂ ಹೆಂಗಸರು ಬಾವಿಯ ಕಟ್ಟೆಯ ಮೇಲೆ ಕೂತು ನೀರಿನಲ್ಲಿ ಬಗ್ಗಿ ನೋಡುತ್ತಾರೆ. ಒಂದೇ ಮುಖ ಕಾಣುತ್ತದೆ. ಯಾರ ಮುಖ? ಅದು ನೂರಾ ಹದಿಮೂರನೇ ಪುಟದಲ್ಲಿದೆ. ಆ ಹಾಳೆ ಮಾತ್ರ ಬರುತ್ತಿಲ್ಲ.

ನಾನು ರುಜಾಯಕ್ಕನನ್ನು ಕಾಡಿದೆ. ಅಣ್ಣ ನನ್ನನ್ನು ಕಾಡುತ್ತಿದ್ದ ಎಂಬುದು ನಿಜ, ಆದರೆ ಅವಳನ್ನು ಕಾಡಿದವಳು ನಾನೇ.

"ಆ ಗುಡ್ಡದಂಥ ಪೆಂಡ್ಯಾಗ ಒಂದ ಹಾಳಿ ಎಲ್ಲಿ ಹುಡುಕ್ಲಿ ಬಾಯ್? ನನಗ ಅಂಕಿ ಗೊತ್ತಾಗಂಗಿಲ್ಲ."

"ನಾ ಬರದ ಕೊಡ್ತೀನಿ. ಅದಕ್ಕ ಹೊಂದಿಸಿ ನೋಡ."

ನನ್ನ ತೊಡೆಯ ಮೇಲೆ ಗಣಿತದ ನೋಟುಬುಕ್ಕು ಇತ್ತು. ಅದರ ಮೇಲೆ ಅವಳ ಬಲಗೈ ಅಂಗಾತ ಇಡಿಸಿ, ಬಾಲ್‌ಪೆನ್ನಿನಿಂದ ಅಂಗೈಯಲ್ಲಿ ೧೧೩ ಎಂದು ದೊಡ್ಡದಾಗಿ ಬರೆದೆ. ಕಾಗದ ಕಟ್ಟಿ ಕಟ್ಟಿ ಆ ಕೈ ಒರಟಾಗಿತ್ತು. ಮಸಿ ಹತ್ತಲೆಂದು ಮೂರು ಸಲ ತಿದ್ದಿದೆ. "ಕಚಗುಳಿ ಆಕ್ಕೈತಿ, ಹಗೂರ!" ಎಂದು ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ, "ನನಗೂ ಗೊತ್ತಾಗಬೇಕಾಗೇತಿ, ಆ ಅಡಿಗಿಯಾಕಿ ಖರೇನ ಸತ್ತಾಳೋ ಇಲ್ಲೋ," ಎಂದಳು.

ಮರುದಿನ ನಡೆದದ್ದನ್ನು ನಾನು ನೋಡಲಿಲ್ಲ, ಕೇಳಿದ್ದು. ಮಧ್ಯಾಹ್ನದೊಳಗೆ ಬೆವರಿಗೆ ಅಂಕಿ ಕಲಸಿಹೋಗಿತ್ತು. ಹೊಂದಿಸಿ ನೋಡಲು ಆಗದೆ ಅವಳು ಕಿಟಕಿಯ ಚಿತ್ರವಿದ್ದ ಹಾಳೆಗಳನ್ನೆಲ್ಲ ಬೇರೆ ಇಟ್ಟಳು. ಸಂಜೆ ಗೇಟಿನಲ್ಲಿ ರೊಟ್ಟಿಯ ಗಂಟು ದಪ್ಪ ಕಂಡಿತು. ಬಿಚ್ಚಿಸಿದರು. ಹನ್ನೊಂದು ಹಾಳೆ ಇದ್ದವು. ಹನ್ನೊಂದೂ ನಮ್ಮ ಬಳಿ ಆಗಲೇ ಇದ್ದಂಥವೇ.

ಇನ್ನು ಮುಂದಿನದಕ್ಕೆ ನಾನೇ ಸಾಕ್ಷಿ.

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮುಕಾದಮ ನಮ್ಮ ಮನೆಗೆ ಬಂದ. ಹಿಂದೆ ರುಜಾಯಕ್ಕ. ಅವಳು ಒಳಗೆ ಬರದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಪ್ಪ ಮಂಚದ ಮೇಲಿದ್ದ. ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಒಣಗಲು ಹರಡಿದ್ದಳು. ಮುಕಾದಮ ಅದನ್ನು ದಾಟದೆ ಆಚೆಗೇ ಕೂತ. ಕೆಟ್ಟ ಮನುಷ್ಯನಲ್ಲ. ಚಹಾ ಕುಡಿದ, ಅಪ್ಪನ ಪಾಳಿ ಕೇಳಿದ.

ಆಮೇಲೆ ಹೇಳಿದ: "ಗೋದಾಮಿನ ಮಾಲಕರು ಈಕಿ ಭಜಿ ಅಂಗಡಿಗಿ ಕಾಗದ ಮಾರ್ತಾಳ ಅಂತಾರ್ರಿ. ಈಕಿ ಏನೂ ಮಾತಾಡವೊಲ್ಲಳು. ಓಣ್ಯಾಗ ಕೇಳಿದ್ರ ನಿಮ್ಮ ಹುಡುಗಿ ಓದ್ತಾಳ ಅಂದ್ರು. ಹುಡುಗೂರು ಬೇಡಿದ್ವು, ಒಂದ ಮನಸಾತು, ತಂದ್ಳು ಅಂದ್ರ ನಾ ಮಾಲಕರಿಗಿ ಹೇಳಿ ಮುಚ್ಚಿ ಹಾಕ್ತೀನಿ. ತಾನಾಗೇ ಒಯ್ದಾಳ ಅಂದ್ರ ನಾಳಿಂದ ಕೆಲಸಿಲ್ಲ." ನನ್ನ ಕಡೆ ತಿರುಗಿದ. "ಹೆದರಬ್ಯಾಡವಾ. ನೀ ಬೇಡಿದ್ಯೋ, ಆಕಿನ ತಂದ ಕೊಟ್ಳೋ?"

ಅಪ್ಪ ಮಂಚದ ಮೇಲೆ ಎದ್ದು ಕೂತ. ಅಣ್ಣ ಹಿಂದಿನಿಂದ ನನ್ನ ಜಡೆ ಜಗ್ಗಿದ. ಹೇಳು ಎಂದೋ ಹೇಳಬೇಡ ಎಂದೋ, ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ತಾನು ಜಗ್ಗಲೇ ಇಲ್ಲ ಎನ್ನುತ್ತಾನೆ.

"ಆಕಿನ ತಂದ ಕೊಟ್ಳರಿ," ಎಂದೆ.

ಈ ಮಾತನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ತಂದದ್ದು ಅವಳೇ. ಕೊಟ್ಟದ್ದೂ ಅವಳೇ. ಒಂದೊಂದೇ ಶಬ್ದ ಹಿಡಿದು ನೋಡಿದರೆ ಸುಳ್ಳು ಎಲ್ಲಿಯೂ ಸಿಗುವುದಿಲ್ಲ. ರುಜಾಯಕ್ಕ ನನ್ನನ್ನು ನೋಡಿದಳು. ಬಲಗೈ ಚೌಕಟ್ಟಿನ ಮೇಲಿತ್ತು. ನೀಲಿ ಮಸಿಯ ಕಲೆ ಇನ್ನೂ ಹೋಗಿರಲಿಲ್ಲ, ಅಂಗೈಯ ಅಂಚಿನಲ್ಲಿ ನನಗೆ ಕಾಣುತ್ತಿತ್ತು. ಅವಳು ಆ ಕೈ ಕೆಳಗಿಳಿಸಿ ಮುಷ್ಟಿ ಮುಚ್ಚಿಕೊಂಡಳು.

"ಹೌದ್ರಿ, ನಾನ ತಂದ್ನಿ," ಎಂದಳು ಮುಕಾದಮನಿಗೆ. "ಪಾಪ, ಕೂಸಿಗೇನ ಗೊತ್ತು?"

ಮುಕಾದಮ ಹೋಗುವಾಗ ನಮ್ಮ ಏಳೂ ಹಾಳೆಗಳನ್ನು ತೆಗೆದುಕೊಂಡು ಹೋದ. ಮೂರನೆಯ ದಿನ ರುಜಾಯಕ್ಕ ಕೋಣೆ ಬಿಟ್ಟಳು. ಹೋಗುವ ಮುಂಚೆ ಮಜ್ಜಿಗೆಯ ಚೊಂಬು ಬೆಳಗಿ ತಂದು ಅವ್ವನ ಕೈಗೆ ಕೊಟ್ಟಳಂತೆ. ನಾನು ಶಾಲೆಯಲ್ಲಿದ್ದೆ. ಶಾಲೆಯಲ್ಲಿದ್ದೆನೋ, ಶಾಲೆಯ ಗಂಟೆಗೆ ಇನ್ನೂ ಹೊತ್ತಿದ್ದರೂ ಮನೆಯಿಂದ ಬೇಗ ಹೊರಟುಹೋಗಿದ್ದೆನೋ, ಅದನ್ನು ನಾನು ಖಚಿತವಾಗಿ ಹೇಳಲಾರೆ.

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯಿತು. ಹಳೆಯ ನೋಟುಬುಕ್ಕುಗಳನ್ನು ರದ್ದಿಗೆ ಹಾಕುವ ಮುಂಚೆ ಖಾಕಿ ಬಿಚ್ಚಿ ಮುಂದಿನ ವರ್ಷಕ್ಕೆ ಎತ್ತಿಡುವುದು ನಮ್ಮ ಮನೆಯ ಪದ್ಧತಿ. ಗಣಿತದ್ದನ್ನು ಬಿಚ್ಚಿದೆ. ಒಳಗಿನ ಹಾಳೆಯಲ್ಲಿ ಕಿಟಕಿಯ ಚಿತ್ರಗಳಿದ್ದವು. ಒಂದು ಮೂಲೆಯಲ್ಲಿ ತಲೆಕೆಳಗಾಗಿ ೧೧೩ ಇತ್ತು.

ದಸರೆಯಿಂದಲೂ ಅದು ನನ್ನ ಚೀಲದಲ್ಲೇ ಇತ್ತು. ರುಜಾಯಕ್ಕನ ಅಂಗೈ ಇಡಿಸಿ ನಾನು ಅಂಕಿ ಬರೆದದ್ದು ಅದರ ಮೇಲೆಯೇ.

ಅಲ್ಲೇ ನೆಲದ ಮೇಲೆ ಕೂತು ಹದಿನಾರೂ ಪುಟ ಓದಿದೆ, ಹಾಳೆಯನ್ನು ತಿರುಗಿಸಿ ತಿರುಗಿಸಿ. ಬಾವಿಯ ನೀರು ಅಲ್ಲಾಡುತ್ತದೆ, ಮುಖ ಒಡೆದುಹೋಗುತ್ತದೆ. ಗಾಳಿಯ ಸದ್ದು. ಮತ್ತೆ ಸೀರೆಯ ಅಂಚು. ಕಟ್ಟಕಡೆಯ ಪುಟದಲ್ಲಿ ಹೀಗಿತ್ತು: 'ಇಬ್ಬರಲ್ಲಿ ಸತ್ತವಳು ಯಾರು? ಪ್ರಿಯ ಓದುಗರೇ, ನಿಮ್ಮ ಮೆಚ್ಚಿನ ಧಾರಾವಾಹಿಯನ್ನು ತಪ್ಪದೇ ವೀಕ್ಷಿಸಿ.' ಅಳು ಬರಲಿಲ್ಲ. ಆ ಬರೆದವರನ್ನು ಹುಡುಕಿ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಅಳು ಆಮೇಲೆ, ಊಟದ ಹೊತ್ತಿಗೆ, ಅವ್ವ ಮಜ್ಜಿಗೆ ಬಡಿಸಿದಾಗ ಬಂತು. ಯಾಕೆಂದು ಕೇಳಿದರೆ ಹೊಟ್ಟೆನೋವು ಎಂದೆ.

ಹದಿನೈದು ವರ್ಷದ ಮೇಲೆ, ಹಳಿಯಾಳದ ಬಸ್ ನಿಲ್ದಾಣದಲ್ಲಿ ನಾನು ಧಾರವಾಡದ ಬಸ್ಸಿಗೆ ಕಾಯುತ್ತಿದ್ದೆ. "ಶೋಭಿ ಅಲ್ಲೇನ ಬಾಯ್ ನೀ?" ಎಂಬ ದನಿ ಕೇಳಿತು. ರುಜಾಯಕ್ಕ. ತಲೆ ಬೆಳ್ಳಗಾಗಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ರೊಟ್ಟಿ. ಅವ್ವನನ್ನು ಕೇಳಿದಳು, ಅಪ್ಪನನ್ನು ಕೇಳಿದಳು, "ಆ ಹುಕುಮ್ ಮಾಡಾವ ಹೆಂಗದಾನ?" ಎಂದು ಅಣ್ಣನನ್ನೂ ಕೇಳಿದಳು. ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದಾಳಂತೆ, ಮಗಳ ಮನೆಯಲ್ಲಿದ್ದಾಳಂತೆ. ಗೋದಾಮಿನ ಸುದ್ದಿ ಅವಳು ಎತ್ತಲಿಲ್ಲ. ನಾನು ಎತ್ತಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಊರಿನ ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಬಾಯ್, ಕಡೀಗೆ ಯಾರ ಸತ್ತಿದ್ರು? ಅತ್ತಿನೋ, ಅಡಿಗಿಯಾಕಿನೋ? ಹಾಳಿ ಸಿಕ್ತೇನು ನಿನಗ?"

"ಸಿಕ್ತು," ಎಂದೆ. "ಅಡಿಗಿಯಾಕಿ."

"ನಾ ಅವಾಗ್ಲೇ ಹೇಳಿದ್ನಿಲ್ಲೇನು!" ಎಂದು ಎದೆ ತಟ್ಟಿಕೊಂಡು ನಕ್ಕಳು. "ನಿಮ್ಮವ್ವಗ ಹೇಳ, ರುಜಾಯಿ ಗೆದ್ಲು ಅಂತ." ಕಂಡಕ್ಟರ್ ಬೈದ. ಬಸ್ಸು ಹೊರಟಿತು.

ಎಲ್ಲಿ ಸಿಕ್ಕಿತೆಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ ಗೋದಾಮಿನ ಜಾಗದಲ್ಲಿ ಗಾಡಿಗಳ ಶೋರೂಮು ಇದೆ. ಕತೆಯ ಕೊನೆ ಬೇಕೆಂದರೆ ಮಕ್ಕಳು ಮೊಬೈಲಿನಲ್ಲಿ ಬೆರಳು ಸರಿಸಿ ನೋಡಿಬಿಡುತ್ತಾರೆ. ಅದಕ್ಕಾಗಿ ಯಾರ ಕೈಯನ್ನೂ ಹಿಡಿಯಬೇಕಿಲ್ಲ, ಯಾರ ಮೆಟ್ಟಿಲ ಮೇಲೂ ಕೂರಬೇಕಿಲ್ಲ, ಗಾಳಿಯ ಸದ್ದಿಗೆ ಊದುವವರೂ ಬೇಕಿಲ್ಲ. ಎಂಟನೆಯ ಹಾಳೆ ಇವತ್ತಿಗೂ ನನ್ನ ಬಳಿ ಇದೆ. ಮಡಿಕೆಯಲ್ಲಿ ಹರಿದಿದೆ. ಆಗಾಗ ತೆಗೆದು ಮೂಸಿ ನೋಡುತ್ತೇನೆ. ಬೆಳ್ಳುಳ್ಳಿಯಿಲ್ಲ, ಮೀನಿಲ್ಲ, ಬರೀ ಹಳೆಯ ಕಾಗದ. ರುಜಾಯಕ್ಕನ ರೊಟ್ಟಿಯ ಗಂಟನ್ನು ಕಾಣದೆ ಬಂದದ್ದು ಅದೊಂದೇ ಹಾಳೆ, ಉಳಿದದ್ದೂ ಅದೊಂದೇ.