ಕಂಬಳಿಯಿಂದ ಸರಿದು ಕೂತವಳು

ಪಿಂಚಣಿ ಪಡೆದು ಊರಿಗೆ ಬರಬಹುದಾಗಿದ್ದ ಹೊತ್ತಿಗೆ ಅಪ್ಪ ಬರಲಿಲ್ಲ. ಇನ್ನಷ್ಟು ವರ್ಷ ಮಿಲಿಟರಿಯಲ್ಲೇ ಉಳಿದರು. ದೇಶದ ಮೇಲಿನ ಅಭಿಮಾನ ಎಂದು ನಮ್ಮೂರು ಆದಿವಾಲದಲ್ಲಿ ಈಗಲೂ ಹೇಳುತ್ತಾರೆ. ಅಲ್ಲ — ನಾನು ಹೇಳಿದ ಸುಳ್ಳನ್ನು ನಂಬಿ ಉಳಿದರು. ಆಗ ನನಗೆ ಹನ್ನೊಂದು ವರ್ಷ. ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಅಪ್ಪ ಅವ್ವನದು ಮೆಚ್ಚಿ ಆದ ಮದುವೆ. ಅವ್ವನ ತವರು ತಾಳ್ಯ. ಸುಗ್ಗಿ ಮುಗಿದ ಮೇಲೆ ಅವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸುತ್ತಿದ್ದರು. ಮಂದೆ ಇರುವಷ್ಟು ದಿನ ಕುರಿ ಕಾಯುವವರಿಗೆ ಊಟ ಹೊಲದ ಯಜಮಾನನದು. ಬುತ್ತಿ ಹೊತ್ತು ಹೋಗುತ್ತಿದ್ದವಳು ಅವ್ವ. ಮಂದೆಯ ಜೊತೆ ಬಂದಿದ್ದ ಅಪ್ಪ ಒಂದು ತುತ್ತು ತಿಂದು ಸಾರಿಗೆ ಉಪ್ಪಿಲ್ಲ ಎನ್ನುವರಂತೆ. ಅವ್ವ ಮನೆಗೆ ಹೋಗಿ ಉಪ್ಪು ತರುವಳಂತೆ. ಮರುದಿನ ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡೇ ಹೋದರೆ, ಇವತ್ತು ಖಾರ ಕಮ್ಮಿ. ಹೀಗೆ ಉಪ್ಪು ಖಾರದಲ್ಲಿ ಬೆಳೆದ ಪ್ರೀತಿ ಅದು.

ಅವ್ವನ ಅಪ್ಪ ಒಪ್ಪಲಿಲ್ಲ. ಅವರೂ ನಮ್ಮವರೇ, ಆದರೆ ಕುರಿ ಬಿಟ್ಟು ಬೇಸಾಯಕ್ಕೆ ನಿಂತವರು. ಕುರಿ ಹಿಂದೆ ತಿರುಗುವವನಿಗೆ ಕೊಟ್ಟರೆ ಮಗಳನ್ನು ಯಾವ ಹುಲ್ಲುಗಾವಲಿನಲ್ಲಿ ಹುಡುಕಲಿ ಎಂದರಂತೆ. ಸರ್ಕಾರಿ ಸಂಬಳ ತಂದರೆ ನೋಡೋಣ ಎಂದೂ ಅಂದರಂತೆ. ಚಿತ್ರದುರ್ಗದಲ್ಲಿ ಸೈನ್ಯಕ್ಕೆ ಆಳು ಆರಿಸುತ್ತಾರೆಂದು ಕೇಳಿ ಅಪ್ಪ ಮಂದೆಯಿಂದಲೇ ಎದ್ದು ಹೋದರು. ಅವ್ವನಿಗಾಗಿ ಸೇರಿದ ಕೆಲಸ, ಅವರನ್ನು ಅವ್ವನಿಂದಲೇ ದೂರ ಇಟ್ಟಿತು. ಅಪ್ಪನ ತಾಯಿ, ನಮ್ಮಜ್ಜಿ, ಕಾಲು ಚಾಚಿ ಉಣ್ಣೆ ನೂಲುತ್ತಾ ಆಡಿಕೊಳ್ಳುತ್ತಿದ್ದಳು:

“ಕುರಿ ಹಿಂದೆ ಹೋಗಿದ್ರೆ ಸುಗ್ಗಿಗಾದ್ರೂ ಮನಿಗೆ ಬರ್ತಿದ್ದ. ಈಗ ನಿಮ್ಮಪ್ಪನ್ನೇ ಹುಡುಕ್ಕಂಡು ಹೋಗಾಣ ಬಾರೇ.”

ಅಪ್ಪ ಕುರಿ ಕಾಯುವಾಗ ಹೊದೆಯುತ್ತಿದ್ದ ಕರಿ ಕಂಬಳಿ ಮನೆಯಲ್ಲೇ ಉಳಿದಿತ್ತು. ಅವ್ವ ಅದನ್ನು ಯಾರಿಗೂ ಹೊದೆಯಲು ಕೊಡುತ್ತಿರಲಿಲ್ಲ. ನುಸಿ ಹಿಡಿಯುತ್ತದೆ ಎಂದು ಆಗಾಗ ಬಿಸಿಲಿಗೆ ಹಾಕುವಳು. ಹಾಕುವ ಮೊದಲು ಮುಖವನ್ನು ಅದರಲ್ಲಿ ಹುದುಗಿಸಿ ನಿಲ್ಲುವಳು — ಬಹಳ ಹೊತ್ತು. ಬಾಂಗ್ಲಾ ಯುದ್ಧದ ದಿನಗಳಲ್ಲಂತೂ ದಿನಾ ಬಿಸಿಲಿಗೆ ಹಾಕಿದಳು. ಮೋಡ ಕವಿದ ದಿನವೂ. ನಾನು ಕಣಜದ ಮರೆಯಿಂದ ನೋಡುತ್ತಿದ್ದೆ. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಯುದ್ಧ ಮುಗಿದು ಕೆಲವು ವರ್ಷಗಳ ಮೇಲೆ ಒಂದು ಸಲ ಅಪ್ಪ ರಜೆಗೆ ಬಂದರು. ಹೊರಡುವ ಹಿಂದಿನ ದಿನ ನನ್ನನ್ನು ಕುರಿಹಟ್ಟಿಯ ಹತ್ತಿರ ಕರೆದೊಯ್ದು, ಬೇವಿನ ಕೆಳಗೆ ಆ ಕಂಬಳಿ ಹಾಸಿ ಕೂರಿಸಿದರು. ನಮ್ಮವರಲ್ಲಿ ನ್ಯಾಯ ಮಾಡುವಾಗಲೂ ಕಂಬಳಿ ಹಾಸುತ್ತಾರೆ. ಅದರ ಮೇಲೆ ಕೂತವರು ಸುಳ್ಳಾಡುವ ಹಾಗಿಲ್ಲ. ಅದು ಮಕ್ಕಳಿಗೂ ಗೊತ್ತು. ಈ ಸಲ ಬೇಕಾದರೆ ಬಿಟ್ಟು ಬರಬಹುದು, ಬೇಕಾದರೆ ಮುಂದುವರಿಯಬಹುದು ಎಂದರು. ಆಮೇಲೆ, ನೆಲ ನೋಡುತ್ತಾ:

“ನಾನಿಲ್ದಾಗ ನಿಮ್ಮವ್ವ ಹೆಂಗಿರ್ತಾಳೆ? ನಿಜ ಹೇಳ್ ಮಗ. ಅವಳ್ನ ಕೇಳಿದ್ರೆ ಹೋಗ್ಬರ್ರಿ ಅಂತಾಳೆ.”

ಉಪ್ಪಿನ ನೆಪದಲ್ಲಿ ಅಷ್ಟು ಮಾತಾಡಿದವರಿಗೆ ಇದೊಂದನ್ನು ನೇರವಾಗಿ ಕೇಳಲು ಯಾಕೆ ಆಗಲಿಲ್ಲ? — ಇಂದಿಗೂ ನನಗೆ ತಿಳಿಯದು.

ನಾನು ಮೆಲ್ಲಗೆ ಹಿಂದಕ್ಕೆ ಸರಿದೆ. ಮೊದಲು ಕಾಲು, ಆಮೇಲೆ ಮೈ. ಲಂಗ ಕೂಡ ಕಂಬಳಿಗೆ ತಾಕದಂತೆ ಒಟ್ಟುಮಾಡಿಕೊಂಡೆ. ಬರೀ ಮಣ್ಣಿನ ಮೇಲೆ ಕೂತು ಹೇಳಿದೆ:

“ಅವ್ವ ಆರಾಮಾಗೈದಾಳೆ. ನಿನ್ನ ನೆನಸ್ಕಳದೇ ಇಲ್ಲ.”

ಕಂಬಳಿ ಬಿಟ್ಟು ಕೂತರೆ ಸುಳ್ಳು ತಟ್ಟುವುದಿಲ್ಲ ಎಂದುಕೊಂಡಿದ್ದೆ.

ಯಾಕೆ ಹೇಳಿದೆ? ಅಪ್ಪ ಬಂದಾಗಲೆಲ್ಲ ಅವ್ವನ ಮಗ್ಗುಲಿಂದ ನನ್ನ ಹಾಸಿಗೆ ಅಜ್ಜಿಯ ಕಡೆಗೆ ಹೋಗುತ್ತಿತ್ತು. ಅವರು ಹೋದ ಮೇಲೆ ಅವ್ವ ಪೂರ್ತಿ ನನ್ನವಳು. ಮುಂದಿನ ರಜೆಗೆ ಬರುವ ಟ್ರಂಕಿನ ಆಸೆಯೂ ಇತ್ತು; ಅದರೊಳಗಿನ ಹಾಲಿನ ಡಬ್ಬಿ, ಶಾಲೆಯಲ್ಲಿ ಮಿಲಿಟರಿಯವರ ಮಗಳು ಎಂಬ ಹೆಸರು — ಎಲ್ಲ ಕೂಡಿಸಿದರೂ ಇಷ್ಟೇ.

ಅದೇ ಸಂಜೆ ಅವ್ವ ರೊಟ್ಟಿ ತಟ್ಟುತ್ತಾ, ಹಿಟ್ಟಿನ ಕೈ ನಿಲ್ಲಿಸಿ, “ನಿಮ್ಮಪ್ಪ ಬಂದ್ಬಿಡ್ತೀನಿ ಅಂತ ಏನಾದ್ರೂ ಅಂದ್ರೇನೇ?” ಎಂದಳು. ಇಲ್ಲ ಎಂದೆ. ಅವ್ವ ತಟ್ಟುವುದನ್ನು ಮುಂದುವರಿಸಿದಳು. ಆ ರೊಟ್ಟಿ ಹರಿಯಿತು. ಅವಳ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮರುದಿನ ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಅವ್ವ ನಗುನಗುತ್ತಾ ಕಳಿಸಿದಳು. ಅಪ್ಪ ಆ ನಗೆಯನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿದರು.

ಅವರು ಪೂರ್ತಿ ಬಿಟ್ಟು ಬರುವಷ್ಟರಲ್ಲಿ ನಾನು ಮದುವೆಯಾಗಿ ಹೊಸದುರ್ಗಕ್ಕೆ ಬಂದಿದ್ದೆ. ಅವ್ವನ ಮಗ್ಗುಲು ಯಾರಿಗಾಗಿ ಕಾಯ್ದಿಟ್ಟುಕೊಂಡೆನೋ! ಅಲ್ಲಿಂದಾಚೆ ಅವ್ವ ಬದುಕಿದ್ದು ಸ್ವಲ್ಪವೇ ಕಾಲ. ಅವಳಿಗೆ ಕಾಯಿಲೆ ಕೊಟ್ಟವಳು ನಾನಲ್ಲ, ನಿಜ. ಆದರೆ ಅವರಿಬ್ಬರೂ ಜೊತೆಗೆ ಕಳೆಯಬೇಕಾಗಿದ್ದ ವರ್ಷಗಳನ್ನು —

ಒಂದು ಪ್ರಶ್ನೆ ಮಾತ್ರ ಬಿಡುವುದಿಲ್ಲ. ನಾನು ಸರಿದದ್ದನ್ನು ಅಪ್ಪ ನೋಡಲಿಲ್ಲವೇ? ಮಂದೆಯಲ್ಲಿ ಒಂದು ಮರಿ ಮಗ್ಗುಲು ಬದಲಿಸಿದರೂ ಗುರುತಿಸುತ್ತಿದ್ದ ಕಣ್ಣು ಅದು. ನೋಡಿಯೂ ಹೋದರೆ? ಹೋಗುವ ಮನಸ್ಸು ಅವರಿಗೂ ಇತ್ತೇ? ಹಾಗಿದ್ದರೆ ನನ್ನ ಪಾಲು ಕಡಿಮೆಯಾಗುತ್ತದೆ ಎಂದು ಈ ಪ್ರಶ್ನೆ ಸಾಕಿಕೊಂಡಿದ್ದೇನೇನೋ. ಆಗುವುದಿಲ್ಲ. ಹೇಳಿದವಳು ನಾನೇ.

ಅಪ್ಪ ಈಗ ನನ್ನ ಜೊತೆಗೇ ಇದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಅದೇ ಕಂಬಳಿ ಹಾಸಿ ಕೂರುತ್ತಾರೆ. ನಾನು ಎದುರಿಗೆ ಬರೀ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತೇನೆ. ಮೊನ್ನೆ ಪಕ್ಕಕ್ಕೆ ಜರುಗಿ ಜಾಗ ಮಾಡಿ, “ನೆಲ ತಣ್ಣಗೈತೆ. ಇಲ್ಲಿ ಕುಂತ್ಕ ಬಾರವ್ವ” ಎಂದರು. ಒಲೆ ಮೇಲೆ ಹಾಲಿದೆ ಎಂದು ಎದ್ದು ಬಂದೆ. ಹಾಲಿರಲಿಲ್ಲ.

ಇವತ್ತು ಸೊಪ್ಪು ಬಿಡಿಸಿಟ್ಟಿದ್ದೇನೆ. ಪಾತ್ರೆ ತೊಳೆದು ಬೋರಲು ಹಾಕಿದ್ದೇನೆ. ಒಲೆ ಆರಿಸಿದ್ದೇನೆ. ಹೊರಗೆ ಅಪ್ಪ ಕಂಬಳಿ ಕೊಡವುವ ಸದ್ದು ಕೇಳಿಸುತ್ತಿದೆ. ಹೋಗಿ ಅವರ ಪಕ್ಕದಲ್ಲಿ ಕೂರುತ್ತೇನೆ — ಕಾಲನ್ನೂ ಕಂಬಳಿಯ ಒಳಕ್ಕೆ ಎಳೆದುಕೊಂಡು.